ಹೆಪ್ಪುಗಟ್ಟಿದ ಸರೋವರದ ಮೇಲೆ ಕಾರು: ಐಸ್ ಯಾವಾಗ ಹೊರುತ್ತದೆ, ಯಾವಾಗ ಕೈಕೊಡುತ್ತದೆ?

ಚಳಿಗಾಲ ಬಂತೆಂದರೆ ಫೋನಿಗೆ ಎರಡು ಬಗೆಯ ವಿಡಿಯೊಗಳು ಬರುತ್ತವೆ. ಒಂದರಲ್ಲಿ ಬಿಳಿ ಬಯಲಿನ ಮೇಲೆ ದೊಡ್ಡ ದೊಡ್ಡ ಲಾರಿಗಳು ಸಾಲಾಗಿ, ನಿಧಾನವಾಗಿ ಹೋಗುತ್ತಿರುತ್ತವೆ. ಇನ್ನೊಂದರಲ್ಲಿ ಅಂಥದ್ದೇ ಬಯಲಿನಲ್ಲಿ ಒಂದು ಪಿಕಪ್ ಮೂತಿ ಕೆಳಗೆ ಮಾಡಿ ನೀರಿಗೆ ಇಳಿಯುತ್ತಿರುತ್ತದೆ. ಹತ್ತಾರು ಟನ್ನಿನ ಲಾರಿ ದಾಟುವುದು, ಎರಡು ಟನ್ನಿನ ಪಿಕಪ್ ಮುಳುಗುವುದು, ಇದೆಂಥ ಲೆಕ್ಕ?

ಕೆಲಸಕ್ಕೋ ಓದಿಗೋ ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳು, ಫಿನ್ಲೆಂಡ್, ಎಸ್ಟೋನಿಯಾ ಕಡೆ ಹೋದವರಿಗೆ ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಅಲ್ಲಿ ಮೀನು ಹಿಡಿಯಲು, ದ್ವೀಪಕ್ಕೆ ಹೋಗಲು, ಗಣಿಗೆ ಸಾಮಾನು ಸಾಗಿಸಲು ಜನ ನಿಜವಾಗಿಯೂ ಸರೋವರದ ಮೇಲೆ ಗಾಡಿ ಓಡಿಸುತ್ತಾರೆ. ಗೆಳೆಯರು ಬಾ ಎಂದು ಕರೆದಾಗ ಹತ್ತಬೇಕೋ ಬೇಡವೋ ಎಂದು ತೀರ್ಮಾನಿಸಲು ಸ್ವಲ್ಪ ಹಿನ್ನೆಲೆ ಗೊತ್ತಿರಬೇಕು.

ನೀರು ಮೇಲಿನಿಂದ ಯಾಕೆ ಗಟ್ಟಿಯಾಗುತ್ತದೆ

ಬಹುತೇಕ ವಸ್ತುಗಳು ತಣ್ಣಗಾದಷ್ಟೂ ಕುಗ್ಗಿ ಭಾರವಾಗುತ್ತವೆ. ನೀರು ಹಾಗಲ್ಲ. ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಅತಿ ಸಾಂದ್ರವಾಗಿರುತ್ತದೆ. ಅದಕ್ಕಿಂತ ತಣ್ಣಗಾದರೆ ಮತ್ತೆ ಹಗುರವಾಗುತ್ತದೆ. ಹಾಗಾಗಿ ಚಳಿಗಾಲದಲ್ಲಿ 4 ಡಿಗ್ರಿಯ ನೀರು ತಳದಲ್ಲಿ ಉಳಿಯುತ್ತದೆ, ಅದಕ್ಕಿಂತ ತಣ್ಣನೆಯದು ಮೇಲೆ ತೇಲಿ 0 ಡಿಗ್ರಿಗೆ ಇಳಿದು ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ನೀರು ಸುಮಾರು 9 ಪ್ರತಿಶತ ಹಿಗ್ಗುವುದರಿಂದ ಐಸ್ ನೀರಿಗಿಂತ ಹಗುರ. ಮೇಲೆಯೇ ನಿಲ್ಲುತ್ತದೆ.

ಆಮೇಲೆ ಅದು ಬೆಳೆಯುವುದು ಕೆಳಮುಖವಾಗಿ. ತಳದಲ್ಲಿರುವ ನೀರಿನ ಶಾಖ ಐಸ್ ಮೂಲಕ ಹಾದು ಗಾಳಿಗೆ ಹೋಗಬೇಕು. ಐಸ್ ದಪ್ಪವಾದಷ್ಟೂ ಈ ದಾರಿ ಉದ್ದವಾಗುತ್ತದೆ, ಬೆಳವಣಿಗೆ ನಿಧಾನವಾಗುತ್ತದೆ. ಮೊದಲ 10 ಸೆಂಟಿಮೀಟರ್ ಬೇಗ ಬರುತ್ತದೆ. ಮೂರನೆಯ, ನಾಲ್ಕನೆಯ 10 ಸೆಂಟಿಮೀಟರ್‌ಗೆ ತುಂಬ ಕಾಯಬೇಕು. "ಹೋದ ವಾರ ಇಷ್ಟಿತ್ತು, ಈ ವಾರ ಅದರ ಎರಡರಷ್ಟು ಆಗಿರುತ್ತದೆ" ಎಂಬ ಅಂದಾಜು ಇಲ್ಲಿ ನಡೆಯುವುದಿಲ್ಲ.

ಮೇಲೆ ಬಿದ್ದ ಹಿಮ ಇನ್ನೊಂದು ತೊಡಕು. ಪುಡಿಹಿಮದ ತುಂಬ ಗಾಳಿ ಇರುವುದರಿಂದ ಅದು ಕಂಬಳಿಯಂತೆ ಹೊದ್ದುಕೊಂಡು ಶಾಖವನ್ನು ಒಳಗೇ ತಡೆಯುತ್ತದೆ. ನೋಡುವವರಿಗೆ ದಪ್ಪ ಹಿಮದ ಸರೋವರ ಭದ್ರವಾಗಿ ಕಾಣುತ್ತದೆ, ಒಳಗಿನ ಐಸ್ ಮಾತ್ರ ತೆಳ್ಳಗೇ ಇರಬಹುದು.

ತೇಲುವ ಹಾಳೆ ಭಾರ ಹೊರುವ ರೀತಿ

ಐಸ್ ಅನ್ನು ನಾವು ನೆಲದ ಹಾಗೆ ಕಲ್ಪಿಸಿಕೊಳ್ಳುತ್ತೇವೆ. ಇಡೀ ಗೊಂದಲ ಶುರುವಾಗುವುದು ಅಲ್ಲಿಂದಲೇ. ಅದು ನೀರಿನ ಮೇಲೆ ತೇಲುತ್ತಿರುವ, ಬಾಗಬಲ್ಲ ಹಾಳೆ. ಕಾರು ಅದರ ಮೇಲೆ ಬಂದಾಗ ಹಾಳೆ ಸ್ವಲ್ಪ ತಗ್ಗುತ್ತದೆ, ಕಾರಿನ ತೂಕದಷ್ಟೇ ತೂಕದ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಮೇಲಕ್ಕೆ ಎತ್ತಿ ಹಿಡಿಯುವುದು ಆ ನೀರೇ. 2 ಟನ್ ತೂಕದ ಕಾರಿಗೆ 2 ಘನ ಮೀಟರ್ ನೀರು ಜರುಗಬೇಕು. ಐಸ್‌ನ ಕೆಲಸ ಏನೆಂದರೆ, ನಾಲ್ಕು ಚಕ್ರಗಳ ಕೆಳಗಿನ ಭಾರವನ್ನು ಅಗಲವಾದ ಜಾಗಕ್ಕೆ ಹಂಚುವುದು.

30 ಸೆಂಟಿಮೀಟರ್ ದಪ್ಪದ ಒಳ್ಳೆಯ ಐಸ್ ಮೇಲೆ ಅಂಥ ಕಾರು ನಿಂತರೆ ಆಗುವ ತಗ್ಗು ಕೆಲವೇ ಮಿಲಿಮೀಟರ್. ಕಣ್ಣಿಗೆ ಕಾಣುವುದಿಲ್ಲ. ಆದರೆ ಅದು ಕಾರಿನ ಸುತ್ತ ಹತ್ತಾರು ಮೀಟರ್ ಹರಡಿರುತ್ತದೆ. ಬಾಗಿದ ಹಾಳೆಯ ತಳಭಾಗ ಎಳೆತಕ್ಕೆ ಸಿಗುತ್ತದೆ. ಐಸ್ ಒತ್ತಡ ತಡೆದಷ್ಟು ಚೆನ್ನಾಗಿ ಎಳೆತ ತಡೆಯುವುದಿಲ್ಲ. ಹಾಗಾಗಿ ಮೊದಲ ಬಿರುಕು ಹುಟ್ಟುವುದು ಸಾಮಾನ್ಯವಾಗಿ ತಳದಲ್ಲಿ, ಚಾಲಕನಿಗೆ ಕಾಣದ ಕಡೆ.

ಎಷ್ಟು ದಪ್ಪ ಸಾಕು

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಲಾರ್ನ್ ಗೋಲ್ಡ್ ಎಂಬ ಎಂಜಿನಿಯರ್ 1971ರಲ್ಲಿ ಪ್ರಕಟಿಸಿದ ಸೂತ್ರವನ್ನು ಇವತ್ತಿಗೂ ಐಸ್ ರಸ್ತೆ ಕಟ್ಟುವವರು ಬಳಸುತ್ತಾರೆ. ಅವರು ಐಸ್ ಹೊತ್ತ ಮತ್ತು ಐಸ್ ಒಡೆದ ನಿಜವಾದ ಪ್ರಸಂಗಗಳನ್ನು ಒಟ್ಟುಮಾಡಿ ಲೆಕ್ಕ ಹಾಕಿದರು. ಸೂತ್ರ ಸರಳ. ದಪ್ಪವನ್ನು ಸೆಂಟಿಮೀಟರ್‌ನಲ್ಲಿ ಅಳೆದು, ಅದರ ವರ್ಗವನ್ನು ಒಂದು ಸಂಖ್ಯೆಯಿಂದ ಗುಣಿಸಿದರೆ ಹೊರಬಲ್ಲ ಭಾರ ಕಿಲೋಗ್ರಾಂನಲ್ಲಿ ಸಿಗುತ್ತದೆ. ಎಚ್ಚರಿಕೆಯ ಲೆಕ್ಕಕ್ಕೆ ಆ ಸಂಖ್ಯೆ 3.5.

ಅಂದರೆ 10 ಸೆಂಟಿಮೀಟರ್‌ಗೆ 350 ಕಿಲೋ. 20ಕ್ಕೆ 1,400. 30ಕ್ಕೆ 3,150. ದಪ್ಪ ಎರಡರಷ್ಟಾದರೆ ಹೊರುವ ಶಕ್ತಿ ನಾಲ್ಕರಷ್ಟು. ಇದನ್ನೇ ತಿರುಗಿಸಿ ನೋಡಿ: 30 ಸೆಂಟಿಮೀಟರ್ ಇದೆ ಎಂದು ನಂಬಿದ ಜಾಗದಲ್ಲಿ 15 ಇದ್ದರೆ ಶಕ್ತಿ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿದಿರುತ್ತದೆ. ಒಂದೇ ಕಡೆ ತೂತು ಕೊರೆದು ನೋಡಿ ಹೊರಟವರು ಸಿಕ್ಕಿಬೀಳುವುದು ಇಲ್ಲೇ.

ಅಮೆರಿಕದ ಮಿನೆಸೋಟ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಕೊಡುವ ಮಾರ್ಗಸೂಚಿಯೂ ಹೆಚ್ಚುಕಮ್ಮಿ ಇದಕ್ಕೆ ಹೊಂದುತ್ತದೆ. ನಡೆಯಲು ಕನಿಷ್ಠ 10 ಸೆಂಟಿಮೀಟರ್, ಹಿಮದ ಮೇಲೆ ಓಡುವ ಸಣ್ಣ ಗಾಡಿಯಾದ ಸ್ನೋಮೊಬೈಲ್‌ಗೆ 12ರಿಂದ 18, ಸಣ್ಣ ಕಾರಿಗೆ 23ರಿಂದ 25. ಪಿಕಪ್, ದೊಡ್ಡ ಗಾಡಿಗಳಿಗೆ ಇನ್ನೂ ಜಾಸ್ತಿ. ಆದರೆ ಆ ಇಲಾಖೆ ಪ್ರತಿಸಲ ಒಂದು ಮಾತು ಸೇರಿಸುತ್ತದೆ: ಯಾವ ಐಸ್ ಕೂಡ ನೂರಕ್ಕೆ ನೂರು ಸುರಕ್ಷಿತ ಅಲ್ಲ. ಜವಾಬ್ದಾರಿ ತಪ್ಪಿಸಿಕೊಳ್ಳುವ ಸರ್ಕಾರಿ ಮಾತಿನಂತೆ ಕೇಳಿಸಬಹುದು. ಅಲ್ಲ. ಈ ಸಂಖ್ಯೆಗಳೆಲ್ಲ ಹೊಸದಾಗಿ ಹುಟ್ಟಿದ, ತಿಳಿಯಾದ, ಗಟ್ಟಿ ಐಸ್‌ಗೆ ಮಾತ್ರ ಹೊಂದುತ್ತವೆ.

ಬಣ್ಣ ಹೇಳುವ ಸುದ್ದಿ

ನಿಧಾನವಾಗಿ, ಕೆಳಮುಖವಾಗಿ ಬೆಳೆದ ಐಸ್ ಗಾಜಿನ ಹಾಗೆ ತಿಳಿಯಾಗಿರುತ್ತದೆ. ಕೆಳಗಿನ ನೀರು ಕಾಣುವುದರಿಂದ ನೀಲಿಯಾಗಿ ಅಥವಾ ಕಪ್ಪಾಗಿ ತೋರುತ್ತದೆ. ಹೊಸಬರಿಗೆ ಇದೇ ಭಯ ಹುಟ್ಟಿಸುತ್ತದೆ. ಆದರೆ ಇದೇ ಬಲವಾದದ್ದು.

ಹಿಮದ ಭಾರಕ್ಕೆ ಐಸ್ ತಗ್ಗಿ, ಬಿರುಕಿನಿಂದ ನೀರು ಮೇಲೆ ಉಕ್ಕಿ, ಹಿಮದೊಡನೆ ಕಲಸಿಕೊಂಡು ಹೆಪ್ಪುಗಟ್ಟಿದರೆ ಬಿಳಿ ಐಸ್ ಆಗುತ್ತದೆ. ಅದರ ತುಂಬ ಗಾಳಿಯ ಗುಳ್ಳೆಗಳು. ಅದನ್ನು ಅರ್ಧ ಬಲದ್ದು ಎಂದೇ ಲೆಕ್ಕ ಹಿಡಿಯುತ್ತಾರೆ. 20 ಸೆಂಟಿಮೀಟರ್ ತಿಳಿ ಐಸ್ ಮೇಲೆ 10 ಸೆಂಟಿಮೀಟರ್ ಬಿಳಿ ಐಸ್ ಇದ್ದರೆ ಅದು 30 ಅಲ್ಲ, 25.

ಬೂದು ಬಣ್ಣ ಕಂಡರೆ ಒಳಗೆ ನೀರಿದೆ ಎಂದರ್ಥ. ಅದರ ಮೇಲೆ ಹೋಗುವಂತಿಲ್ಲ.

ವಸಂತದ ಐಸ್ ಎಲ್ಲಕ್ಕಿಂತ ಮೋಸಗಾರ. ಬಿಸಿಲು ಐಸ್ ಒಳಕ್ಕೆ ಇಳಿದು ಹರಳುಗಳು ಒಂದಕ್ಕೊಂದು ಕೂಡಿದ ಅಂಚುಗಳನ್ನೇ ಮೊದಲು ಕರಗಿಸುತ್ತದೆ. ಹಾಳೆ ಆಗ ನೆಟ್ಟಗೆ ನಿಂತ ಕಡ್ಡಿಗಳ ಕಟ್ಟಾಗಿಬಿಡುತ್ತದೆ. ಅಳತೆಗೋಲು ಇಳಿಸಿದರೆ ಅರ್ಧ ಮೀಟರ್ ದಪ್ಪ ತೋರಿಸಬಹುದು, ಕಾಲಿಟ್ಟರೆ ಕಡ್ಡಿಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಈ ಹಂತದಲ್ಲಿ ಗೋಲ್ಡ್ ಸೂತ್ರ ಕೆಲಸಕ್ಕೆ ಬರುವುದಿಲ್ಲ.

ಗಾಡಿಯ ಜೊತೆ ಓಡುವ ಅಲೆ

ವೇಗವಾಗಿ ಹೋದರೆ ಐಸ್‌ಗೆ ಒಡೆಯಲು ಸಮಯವೇ ಸಿಗುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಸಾಮಾನ್ಯ ಬುದ್ಧಿಗೆ ಸರಿ ಅನಿಸುತ್ತದೆ, ಅಲ್ವಾ? ನಡೆಯುವುದು ಬೇರೆ.

ಕಾರಿನ ಕೆಳಗಿನ ತಗ್ಗು ಕಾರಿನ ಜೊತೆಯೇ ಚಲಿಸುತ್ತದೆ. ತಗ್ಗು ಚಲಿಸಿದರೆ ಕೆಳಗಿನ ನೀರೂ ಚಲಿಸಬೇಕು, ಅಂದರೆ ಅಲೆ ಹುಟ್ಟುತ್ತದೆ. ಆ ಅಲೆಗೆ ತನ್ನದೇ ಒಂದು ವೇಗ ಇದೆ. ಗಾಡಿ ಅದಕ್ಕಿಂತ ತುಂಬ ನಿಧಾನವಾಗಿ ಹೋಗುತ್ತಿದ್ದರೆ ಅಲೆಯ ಶಕ್ತಿ ಸುತ್ತ ಹರಡಿ ಹೋಗುತ್ತದೆ. ಗಾಡಿಯ ವೇಗವೂ ಅಲೆಯ ವೇಗವೂ ಒಂದೇ ಆದಾಗ ಮಾತ್ರ ಶಕ್ತಿಗೆ ಹೋಗಲು ದಾರಿ ಇರುವುದಿಲ್ಲ. ಅದು ಗಾಡಿಯ ಕೆಳಗೇ ಸೇರುತ್ತಾ ಹೋಗುತ್ತದೆ, ತಗ್ಗು ಆಳವಾಗುತ್ತದೆ. ನಿಂತಿದ್ದಾಗ ಆರಾಮಾಗಿ ಹೊತ್ತಿದ್ದ ಐಸ್ ಆಗ ಒಡೆಯಬಹುದು. ಇದಕ್ಕೆ ನಿರ್ಣಾಯಕ ವೇಗ ಎನ್ನುತ್ತಾರೆ.

ಆಳ ಕಡಿಮೆ ಇರುವ ನೀರಿನಲ್ಲಿ ಈ ವೇಗವನ್ನು ಮುಖ್ಯವಾಗಿ ಆಳವೇ ನಿರ್ಧರಿಸುತ್ತದೆ. 4 ಮೀಟರ್ ಆಳಕ್ಕೆ ಅದು ಗಂಟೆಗೆ ಸುಮಾರು 22 ಕಿಲೋಮೀಟರ್. 10 ಮೀಟರ್ ಆಳಕ್ಕೆ ಸುಮಾರು 36. ಆಳ ಇನ್ನೂ ಜಾಸ್ತಿಯಾದರೆ ಐಸ್‌ನ ದಪ್ಪ, ಬಿಗಿತ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಈ ವೇಗಗಳನ್ನು ಗಮನಿಸಿ. ಊರೊಳಗೆ ನಾವು ಸುಮ್ನೆ ಓಡಿಸುವ ವೇಗಗಳೇ ಇವು.

ಈ ಪಾಠವನ್ನು ಕಷ್ಟಪಟ್ಟು ಕಲಿತದ್ದು ಎರಡನೇ ಮಹಾಯುದ್ಧದ ಕಾಲದ, ರಷ್ಯಾದ ಲೆನಿನ್‌ಗ್ರಾಡ್. ಜರ್ಮನ್ ಸೇನೆ ನಗರವನ್ನು ಸುತ್ತುವರಿದಾಗ ಉಳಿದ ಒಂದೇ ದಾರಿ ಲಡೋಗ ಸರೋವರ. 1941ರ ನವೆಂಬರ್‌ನಲ್ಲಿ ಐಸ್ ಕಟ್ಟಿದ ಕೂಡಲೇ ಮೊದಲು ಕುದುರೆ ಬಂಡಿಗಳು, ಅವುಗಳ ಹಿಂದೆಯೇ ಒಂದೂವರೆ ಟನ್ ಹೊರುವ ಲಾರಿಗಳು ಹಿಟ್ಟು ತಂದವು. ಐಸ್ ತೆಳುವಾಗಿದ್ದ ಕಾರಣ ಶುರುವಿನಲ್ಲಿ ಪೂರ್ತಿ ಭಾರ ಹೇರುತ್ತಿರಲಿಲ್ಲ. ಆದರೂ ಲಾರಿಗಳು ಮುಳುಗುತ್ತಿದ್ದವು. ಭಾರ ಹೊತ್ತು ಬಂದದ್ದು ದಾಟಿ, ಹಗುರವಾಗಿ ಮರಳುವಾಗ ಮುಳುಗಿದ ಪ್ರಸಂಗಗಳೂ ಇದ್ದವು. ಲೆನಿನ್‌ಗ್ರಾಡ್‌ನ ಭೌತಶಾಸ್ತ್ರಜ್ಞ ಪಾವೆಲ್ ಕೊಬೆಕೊ ಮತ್ತು ಅವರ ಜೊತೆಗಾರರು ಐಸ್ ಎಷ್ಟು ಬಾಗುತ್ತದೆ, ಹೇಗೆ ಅಲ್ಲಾಡುತ್ತದೆ ಎಂದು ದಾಖಲಿಸುವ ಉಪಕರಣ ಕಟ್ಟಿದರು. ಅಲ್ಲಿ ಅಪಾಯಕಾರಿ ವೇಗ ಗಂಟೆಗೆ ಸುಮಾರು 35 ಕಿಲೋಮೀಟರ್ ಎಂದು ಗೊತ್ತಾಯಿತು. ಲಾರಿಗಳ ವೇಗ, ನಡುವಿನ ಅಂತರ ಎಲ್ಲಕ್ಕೂ ನಿಯಮ ಬಂದದ್ದು ಇದರಿಂದ. ಹಗುರ ಲಾರಿ ಯಾಕೆ ಮುಳುಗುತ್ತಿತ್ತು ಎಂಬುದಕ್ಕೂ ಇದರಲ್ಲೇ ಉತ್ತರ ಇತ್ತು: ಅದು ವೇಗವಾಗಿ ಓಡುತ್ತಿತ್ತು.

ಇವತ್ತಿನ ನಿಯಮಗಳ ಹಿಂದೆ ಇರುವುದೂ ಇದೇ ಭೌತಶಾಸ್ತ್ರ. ಕೆನಡಾದ ಯೆಲ್ಲೋನೈಫ್ ಬಳಿಯಿಂದ ವಜ್ರದ ಗಣಿಗಳಿಗೆ ಹೋಗುವ ಟಿಬಿಟ್–ಕಾಂಟ್ವಾಯ್ಟೊ ಚಳಿಗಾಲದ ರಸ್ತೆಯನ್ನು 1982ರಿಂದ ಪ್ರತಿ ವರ್ಷ ಹೊಸದಾಗಿ ಕಟ್ಟುತ್ತಾರೆ. ಸುಮಾರು 400 ಕಿಲೋಮೀಟರ್ ಉದ್ದ, ಬಹುಪಾಲು ಸರೋವರಗಳ ಮೇಲೆಯೇ. ಭಾರದ ಲಾರಿಗಳಿಗೆ ಅಲ್ಲಿ ಐಸ್ ಮೇಲಿನ ವೇಗದ ಮಿತಿ ಗಂಟೆಗೆ 25 ಕಿಲೋಮೀಟರ್. ಹಗುರ ಲಾರಿಗಳನ್ನು ಬಿಡಲು ಸುಮಾರು 70 ಸೆಂಟಿಮೀಟರ್, ಪೂರ್ತಿ ಭಾರಕ್ಕೆ ಒಂದು ಮೀಟರ್‌ಗಿಂತ ಜಾಸ್ತಿ ದಪ್ಪ ಬೇಕು. ನೆಲದೊಳಗೆ ಇಣುಕುವ ರೇಡಾರ್ ಎಳೆದುಕೊಂಡು ಹೋಗಿ ಉದ್ದಕ್ಕೂ ದಪ್ಪ ಅಳೆಯುತ್ತಾರೆ. ಮೊದಲು ಕಂಡ ವಿಡಿಯೊದ ಲಾರಿಗಳು ಹತ್ತಾರು ಟನ್ ಹೊತ್ತು ದಾಟುವ ಗುಟ್ಟು ಇಷ್ಟೇ.

ಎಸ್ಟೋನಿಯಾದಲ್ಲಿ ದ್ವೀಪಗಳಿಗೆ ಹೋಗುವ ಐಸ್ ರಸ್ತೆಗಳು ಸಮುದ್ರದ ಮೇಲಿನವು, ಆದರೆ ತತ್ವ ಒಂದೇ. ಅಲ್ಲಿ ಗಂಟೆಗೆ 25ರಿಂದ 40 ಕಿಲೋಮೀಟರ್ ನಡುವಿನ ವೇಗವನ್ನೇ ತಪ್ಪಿಸಲು ಹೇಳುತ್ತಾರೆ. ಒಂದೋ ಅದಕ್ಕಿಂತ ನಿಧಾನ, ಇಲ್ಲವೋ ಅದಕ್ಕಿಂತ ಜೋರು. ಕೇಳಿದರೆ ವಿಚಿತ್ರ ಅನಿಸುವ ಈ ನಿಯಮ ನಿರ್ಣಾಯಕ ವೇಗವನ್ನು ದಾಟಿ ಹೋಗುವ ಉಪಾಯ. ಅಳೆದು, ಕಾವಲಿಟ್ಟು ನಡೆಸುವ ರಸ್ತೆಯಲ್ಲಿ ಮಾತ್ರ ಇದು ಸರಿ. ಗೊತ್ತಿಲ್ಲದ ಸರೋವರದಲ್ಲಿ ನಿಧಾನ ಒಂದೇ ಆಯ್ಕೆ.

ದಡದ ಹತ್ತಿರ ಇನ್ನೂ ನಿಧಾನ ಬೇಕು. ಅಲ್ಲಿ ನೀರು ಆಳವಿಲ್ಲದ್ದರಿಂದ ನಿರ್ಣಾಯಕ ವೇಗವೇ ಕಡಿಮೆ. ಜೊತೆಗೆ ಗಾಡಿಯ ಮುಂದೆ ಓಡಿದ ಅಲೆ ದಡಕ್ಕೆ ಬಡಿದು ಹಿಂದಕ್ಕೆ ಬರುತ್ತದೆ. ಎರಡು ಗಾಡಿಗಳು ಎದುರುಬದುರಾದರೂ, ಒಂದರ ಹಿಂದೆ ಒಂದು ಅಂಟಿಕೊಂಡು ಹೋದರೂ ಅಲೆಗಳು ಒಂದರ ಮೇಲೊಂದು ಸೇರುತ್ತವೆ. ಎಸ್ಟೋನಿಯಾದಲ್ಲಿ ಗಾಡಿಗಳ ನಡುವೆ 250 ಮೀಟರ್ ಅಂತರ ಕೇಳುವುದು ಇದಕ್ಕೇ.

ನಿಲ್ಲಿಸಿದರೂ ಕಷ್ಟ

ಹಾಗಾದರೆ ಗಾಡಿ ನಿಲ್ಲಿಸಿಬಿಟ್ಟರೆ? ಐಸ್ ಗಟ್ಟಿಯಾಗಿ ಕಂಡರೂ ಭಾರದ ಕೆಳಗೆ ಗಂಟೆಗಟ್ಟಲೆ ನಿಧಾನವಾಗಿ ಬಾಗುತ್ತಲೇ ಇರುತ್ತದೆ. ಎರಡು ಗಂಟೆಗಿಂತ ಜಾಸ್ತಿ ನಿಲ್ಲಿಸುವುದಾದರೆ ಅನುಮತಿಸುವ ಭಾರವನ್ನು ಅರ್ಧಕ್ಕೆ ಇಳಿಸಬೇಕು ಎನ್ನುವುದು ಕೆನಡಾದ ಐಸ್ ಕೆಲಸಗಾರರ ರೂಢಿ. ಮೀನು ಹಿಡಿಯುವವರಿಗೆ ಒಂದು ಸುಲಭ ಪರೀಕ್ಷೆ ಇದೆ. ಗಾಡಿಯ ಪಕ್ಕ ಒಂದು ತೂತು ಕೊರೆದಿಡಿ. ಐಸ್ ತೇಲುವುದರಿಂದ ತೂತಿನ ನೀರು ಅಂಚಿಗಿಂತ ಸ್ವಲ್ಪ ಕೆಳಗೆ ನಿಂತಿರುತ್ತದೆ. ಅದು ಮೇಲೇರಿ ಹೊರಗೆ ಹರಿಯತೊಡಗಿದರೆ ಗಾಡಿ ಕೂಡಲೇ ಬೇರೆ ಕಡೆ ಹೋಗಬೇಕು. ಕೂಟಕ್ಕೆ ಬಂದ ಎಲ್ಲರೂ ಕಾರುಗಳನ್ನು ಒತ್ತೊತ್ತಾಗಿ ನಿಲ್ಲಿಸುವುದು ಇದಕ್ಕಿಂತ ಕೆಟ್ಟದ್ದು, ಎಲ್ಲರ ತಗ್ಗೂ ಸೇರಿ ಒಂದೇ ಆಗುತ್ತದೆ.

ಬಿರುಕು ಮತ್ತು ಸದ್ದು

ಸರೋವರ ರಾತ್ರಿ ಗುಡುಗಿದಂತೆ, ಕೆಲವೊಮ್ಮೆ ತಂತಿ ಮೀಟಿದಂತೆ ಸದ್ದು ಮಾಡುತ್ತದೆ. ತಾಪಮಾನ ಬದಲಾದಂತೆ ಐಸ್ ಹಿಗ್ಗಿ ಕುಗ್ಗಿ ಬಿರುಕು ಬಿಡುವ ಸದ್ದು ಅದು. ಸದ್ದು ಬಂತೆಂದು ಐಸ್ ಕುಸಿಯುತ್ತಿದೆ ಎಂದಲ್ಲ. ಸದ್ದಿಲ್ಲ ಎಂದು ಗಟ್ಟಿಯಿದೆ ಎಂದೂ ಅಲ್ಲ.

ನೋಡಬೇಕಾದ್ದು ಬಿರುಕು ಒಣಗಿದೆಯೋ ಒದ್ದೆಯಿದೆಯೋ ಎಂದು. ಒಣ ಬಿರುಕು ಸಾಮಾನ್ಯ. ನೀರು ಒಸರುತ್ತಿದ್ದರೆ ಅದು ಹಾಳೆಯ ತಳದವರೆಗೂ ಸೀಳಿದೆ, ಭಾರ ಆಚೆಗೆ ಹಂಚಿಹೋಗಲು ಅಲ್ಲಿ ದಾರಿಯಿಲ್ಲ. ಹೊರಗೆ ಚಳಿ ಒಮ್ಮೆಗೇ ಏರಿದ ದಿನವೂ ಎಚ್ಚರ ಬೇಕು. ಚಳಿ ಜಾಸ್ತಿಯಾದರೆ ಐಸ್ ಗಟ್ಟಿ ಎಂದುಕೊಳ್ಳುತ್ತೇವೆ. ಆದರೆ ತಾಪಮಾನ ದಿಢೀರನೆ ಕುಸಿದಾಗ ಮೇಲ್ಭಾಗ ಕುಗ್ಗಿ ಬಿರುಕು ಬಿಡುವುದರಿಂದ, ಮೊದಲ ದಿನ ಭಾರ ಇಳಿಸುವುದು ವಾಡಿಕೆ.

ತೆಳ್ಳಗಿರುವ ಜಾಗಗಳು

ಹೊಳೆ ಸೇರುವ ಮತ್ತು ಹೊರಡುವ ಬಾಯಿ, ಸೇತುವೆಯ ಕೆಳಗೆ, ಎರಡು ಭೂಭಾಗಗಳ ನಡುವಿನ ಕಿರಿದಾದ ನೀರು, ತಳದಲ್ಲಿ ಒರತೆ ಇರುವ ಜಾಗ, ಜೊಂಡು ಬೆಳೆದ ದಡ, ಬಿಸಿಲಿಗೆ ಕಾಯುವ ಬಂಡೆಯ ಸುತ್ತ. ಹರಿಯುವ ನೀರು ಐಸ್ ಅನ್ನು ಕೆಳಗಿನಿಂದ ಸವೆಸುತ್ತಲೇ ಇರುತ್ತದೆ, ಮೇಲಿನಿಂದ ಏನೂ ಕಾಣುವುದಿಲ್ಲ.

ಕೆಲವೊಮ್ಮೆ ಯಾವ ಗುರುತೂ ಇರುವುದಿಲ್ಲ. ಸೈಬೀರಿಯಾದ ಬೈಕಲ್ ಸರೋವರದ ಐಸ್ ಮೇಲೆ ಉಪಗ್ರಹಗಳಿಗೆ ದೊಡ್ಡ ಕಪ್ಪು ಉಂಗುರಗಳು ಕಂಡವು, ಅಡ್ಡಳತೆ ಕಿಲೋಮೀಟರ್‌ಗಟ್ಟಲೆ. ಐಸ್ ಕೆಳಗೆ ಬೆಚ್ಚಗಿನ ನೀರಿನ ಸುಳಿ ತಿರುಗುತ್ತಾ, ಅಂಚಿನಲ್ಲಿ ಐಸ್ ಅನ್ನು ತೆಳುವಾಗಿಸಿ ಇವು ಆಗುತ್ತವೆ. ಆಕಾಶದಿಂದ ಕಾಣುವ ಉಂಗುರ ಅದರ ಮೇಲೇ ಓಡಿಸುವ ಚಾಲಕನಿಗೆ ಕಾಣುವುದಿಲ್ಲ. ಇದೇ ಬೈಕಲ್ ಮೇಲೆ 1904ರಲ್ಲಿ, ರಷ್ಯಾ–ಜಪಾನ್ ಯುದ್ಧದ ಸಮಯದಲ್ಲಿ, ರೈಲು ಹಳಿಯನ್ನೇ ಹಾಕಿದ್ದರು. ಪರೀಕ್ಷೆಗೆ ಬಿಟ್ಟ ಎಂಜಿನ್ ಐಸ್ ಒಡೆದು ಕೆಳಗೆ ಹೋಯಿತು. ಆಮೇಲೆ ಡಬ್ಬಿಗಳನ್ನು ಕುದುರೆಗಳಿಂದ ಎಳೆಸಿದರು.

ಗುರುತು ಹಾಕಿದ ದಾರಿಗೆ ಬೆಲೆ ಬರುವುದು ಇದರಿಂದಲೇ. ಅಮೆರಿಕದ ಸುಪೀರಿಯರ್ ಸರೋವರದಲ್ಲಿ ಮೆಡಲಿನ್ ದ್ವೀಪಕ್ಕೆ ಹೋಗುವ ಐಸ್ ರಸ್ತೆಯ ಬದಿಗೆ, ಹಬ್ಬ ಮುಗಿದ ಮೇಲೆ ಉಳಿದ ಕ್ರಿಸ್ಮಸ್ ಮರಗಳನ್ನು ನೆಡುತ್ತಾರೆ. ಹಿಮಗಾಳಿಯಲ್ಲೂ ದಾರಿ ತಪ್ಪದಿರಲಿ ಎಂದು.

ಗುರುತಿಲ್ಲದ ಕಡೆ ಹೋಗಲೇಬೇಕಿದ್ದರೆ ಮೊದಲು ನಡೆದುಕೊಂಡು ಹೋಗಿ ಪ್ರತಿ 45 ಮೀಟರ್‌ಗೊಮ್ಮೆಯಾದರೂ ಕೊರೆದು ಅಳೆಯಬೇಕು. ಬ್ರೇಕ್ ಬಗ್ಗೆಯೂ ಒಂದು ಮಾತು: ಒಣ ಡಾಂಬರಿನಲ್ಲಿ 40 ಕಿಲೋಮೀಟರ್ ವೇಗದ ಕಾರು ಬ್ರೇಕ್ ಹಿಡಿದ ಮೇಲೆ ಎಂಟೊಂಬತ್ತು ಮೀಟರ್‌ನಲ್ಲಿ ನಿಂತರೆ, ಐಸ್ ಮೇಲೆ 60 ಮೀಟರ್ ದಾಟಬಹುದು. ತಾಪಮಾನ 0 ಡಿಗ್ರಿಯ ಹತ್ತಿರ ಇದ್ದರೆ ಮೇಲೆ ನೀರಿನ ಪದರ ಬಂದು ಇನ್ನೂ ಜಾರುತ್ತದೆ.

ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ

ಎಲ್ಲ ರಸ್ತೆಯಲ್ಲೂ ಸೀಟ್ ಬೆಲ್ಟ್ ಹಾಕಿ ಎನ್ನುತ್ತಾರೆ. ಎಸ್ಟೋನಿಯಾದ ಐಸ್ ರಸ್ತೆಯಲ್ಲಿ ಹಾಕಬೇಡಿ ಎನ್ನುತ್ತಾರೆ. ಇಷ್ಟು ನಿಧಾನದ ಓಟದಲ್ಲಿ ಡಿಕ್ಕಿಗಿಂತ ಮುಳುಗುವುದೇ ದೊಡ್ಡ ಅಪಾಯ. ಲಡೋಗದ ಚಾಲಕರು ಲಾರಿಯ ಬಾಗಿಲು ತೆರೆದಿಟ್ಟೇ ಓಡಿಸುತ್ತಿದ್ದುದೂ ಇದಕ್ಕೇ.

ಕಾರು ನೀರಿಗೆ ಬಿದ್ದ ಕೂಡಲೇ ಮುಳುಗುವುದಿಲ್ಲ. ಅರ್ಧ ನಿಮಿಷದಿಂದ ಎರಡು ನಿಮಿಷ ತೇಲುತ್ತದೆ. ಎಂಜಿನ್ ಇರುವ ಮುಂಭಾಗ ಮೊದಲು ಇಳಿಯುತ್ತದೆ. ಬದುಕುವ ಅವಕಾಶ ಇರುವುದು ಆ ಹೊತ್ತಿನಲ್ಲೇ. ಬೆಲ್ಟ್ ಬಿಚ್ಚಿ, ಪಕ್ಕದ ಕಿಟಕಿ ತೆರೆಯಿರಿ ಅಥವಾ ಒಡೆಯಿರಿ, ಮಕ್ಕಳನ್ನು ಮೊದಲು ಹೊರಗೆ ದಾಟಿಸಿ, ನೀವೂ ಹೊರಬನ್ನಿ. ಫೋನ್ ಮಾಡುವುದು ಆಮೇಲೆ. ಬಾಗಿಲಿಗೆ ಕೈಹಾಕಬೇಡಿ: ಹೊರಗಿನ ನೀರಿನ ಒತ್ತಡಕ್ಕೆ ಅದು ತೆರೆಯುವುದು ಕಷ್ಟ, ತೆರೆದರೆ ನೀರು ನುಗ್ಗಿ ಕಾರು ಕ್ಷಣದಲ್ಲಿ ಮುಳುಗುತ್ತದೆ.

ತಣ್ಣೀರಿನ ವಿಷಯದಲ್ಲಿ ಕೆನಡಾದ ಮ್ಯಾನಿಟೋಬ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಹೇಳಿಕೊಟ್ಟ ಒಂದು ಲೆಕ್ಕ ಇದೆ: 1–10–1. ಮೊದಲ 1 ನಿಮಿಷ ಉಸಿರು ಹಿಡಿತ ತಪ್ಪುತ್ತದೆ, ಏದುಸಿರು ಬರುತ್ತದೆ. ಆಗ ತಲೆ ನೀರಿನ ಮೇಲೆ ಇಟ್ಟುಕೊಂಡು ಉಸಿರನ್ನು ಸುಧಾರಿಸಿಕೊಳ್ಳಬೇಕು. ಮುಂದಿನ 10 ನಿಮಿಷ ಕೈಕಾಲು ಹೇಳಿದಂತೆ ಕೇಳುತ್ತವೆ. ಮೈ ತಣ್ಣಗಾಗಿ ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಬೇಕು. ನೀರಿಗೆ ಬಿದ್ದ ಕೂಡಲೇ ಚಳಿಗೆ ಸತ್ತೇಹೋಗುತ್ತೇವೆ ಎಂಬ ಭಯದಲ್ಲಿ ಜನ ಆ 10 ನಿಮಿಷ ಹಾಳುಮಾಡಿಕೊಳ್ಳುತ್ತಾರೆ.

ಬಂದ ದಿಕ್ಕಿಗೇ ತಿರುಗಿ, ಅಲ್ಲಿಯವರೆಗೆ ನಿಮ್ಮನ್ನು ಹೊತ್ತ ಐಸ್ ಅದು. ಮೊಣಕೈ ಅಂಚಿನ ಮೇಲಿಟ್ಟು, ಈಜುವ ಹಾಗೆ ಕಾಲು ಬಡಿದು ಮೈಯನ್ನು ಅಡ್ಡಲಾಗಿ ಮೇಲಕ್ಕೆ ಜಾರಿಸಿ. ಕೊರಳಿಗೆ ತೂಗುಹಾಕಿಕೊಳ್ಳುವ, ಮೊಳೆ ಇರುವ ಎರಡು ಹಿಡಿಗಳು ಇಂಥ ಹೊತ್ತಿಗೆಂದೇ ಸಿಗುತ್ತವೆ, ಐಸ್‌ಗೆ ಚುಚ್ಚಿ ಎಳೆದುಕೊಳ್ಳಬಹುದು. ಮೇಲೆ ಬಂದ ಮೇಲೆ ಎದ್ದು ನಿಲ್ಲಬೇಡಿ. ಉರುಳಿಕೊಂಡು ದೂರ ಹೋಗಿ.

ಚಳಿ ಕಡಿಮೆಯಾದ ಚಳಿಗಾಲಗಳು

ಉತ್ತರದ 10 ದೇಶಗಳ ಮಾಹಿತಿ ಸೇರಿಸಿ 2020ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಚಳಿಗಾಲದ ಗಾಳಿಯ ತಾಪಮಾನ 0 ಡಿಗ್ರಿಯ ಹತ್ತಿರ, ಅದಕ್ಕಿಂತ ತುಸು ಕೆಳಗೆ ಇದ್ದಾಗ ನೀರುಪಾಲಾಗುವವರು ಹೆಚ್ಚು ಎಂದು ತೋರಿಸಿತು. ಕೊರೆಯುವ ಚಳಿಯಲ್ಲಿ ಐಸ್ ಗಟ್ಟಿ, ಪೂರ್ತಿ ಬೆಚ್ಚಗಿದ್ದರೆ ಐಸ್ ಇರುವುದೇ ಇಲ್ಲ. ನಡುವಿನ ಸ್ಥಿತಿಯೇ ಜನರನ್ನು ಮೋಸ ಮಾಡುತ್ತದೆ.

ಕೆನಡಾದ ವಜ್ರದ ಗಣಿಗಳಿಗೆ ಹೋಗುವ ಆ ರಸ್ತೆ 2006ರ ಬೆಚ್ಚಗಿನ ಚಳಿಗಾಲದಲ್ಲಿ ಬೇಗ ಮುಚ್ಚಿತು, ಉಳಿದ ಸಾಮಾನನ್ನು ವಿಮಾನದಲ್ಲಿ ಒಯ್ಯಬೇಕಾಯಿತು. ಅದೇ ದೇಶದ ಇನುವಿಕ್‌ನಿಂದ ಟಕ್ಟೊಯಾಕ್ಟಕ್‌ಗೆ ಹೋಗುತ್ತಿದ್ದ ಐಸ್ ರಸ್ತೆ 2017ರ ಏಪ್ರಿಲ್‌ನಲ್ಲಿ ಕೊನೆಯ ಬಾರಿಗೆ ಮುಚ್ಚಿತು. ಆ ವರ್ಷದ ನವೆಂಬರ್‌ನಿಂದ ಅಲ್ಲಿಗೆ ವರ್ಷವಿಡೀ ತೆರೆದಿರುವ, ನೆಲದ ಮೇಲಿನ ರಸ್ತೆಯಿದೆ.